ಎಂ.ಎ. ಮಾಡ್ಕೊಂಡು ಅಂಗನವಾಡೀಲೇ ಇರ್ತೀಯಾ?



ಹೋದ ವಾರ ಒಂದು ಸಭೆಯಲ್ಲಿ ನಮ್ಮ ಹಿರಿಯರೊಬ್ಬರು ಎಲ್ಲರ ಮುಂದೆ ನನಗೆ ಕೇಳಿದ ಪ್ರಶ್ನೆ ಇದು. ಕುಹಕದಿಂದಲ್ಲ, ಕಾಳಜಿಯಿಂದಲೇ ಕೇಳಿದ್ದು. "ಏನವ್ವಾ, ಇಷ್ಟು ಕಷ್ಟಬಿದ್ದು ಎಂ.ಎ. ಮಾಡ್ತಿದ್ದೀಯ. ಮುಗಿಸ್ಕೊಂಡು ಮತ್ತೆ ಅದೇ ಅಂಗನವಾಡೀಲೇ ಇರ್ತೀಯಾ?" ನಾನು "ನೋಡಾಣ ಅಣ್ಣ" ಅಂತ ನಕ್ಕು ಸುಮ್ಮನಾದೆ. ಉತ್ತರ ಇರಲಿಲ್ಲ ಅಂತಲ್ಲ, ಮೈಕಿನ ಮುಂದೆ ನಿಂತು ಎರಡು ಮಾತಲ್ಲಿ ಹೇಳಿ ಮುಗಿಸೋ ಉತ್ತರ ಅದಾಗಿರಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ. ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ನಾನು ಹನ್ನೊಂದು ವರ್ಷದಿಂದ ಅಂಗನವಾಡಿ ಕಾರ್ಯಕರ್ತೆ. ಎರಡು ವರ್ಷದ ಹಿಂದೆ ದೂರಶಿಕ್ಷಣದಲ್ಲಿ ಶಿಕ್ಷಣಶಾಸ್ತ್ರದ ಎಂ.ಎ.ಗೆ ಸೇರಿದೆ. ಮೊದಲ ಸಂಪರ್ಕ ತರಗತಿಯಲ್ಲಿ ಮೇಷ್ಟ್ರೊಬ್ಬರು ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟು, "ಈ ಕೋರ್ಸು ಮುಗಿದ ಮೇಲೆ ನೀವು ಏನಾಗಬೇಕು ಅಂತಿದ್ದೀರಿ, ಬರೀರಿ" ಅಂದರು. ನಾನು ಬರೆದದ್ದು ಮೂರೇ ಸಾಲು. ಮೇಲ್ವಿಚಾರಕಿ ಹುದ್ದೆಯ ಪರೀಕ್ಷೆ ಪಾಸು ಮಾಡಬೇಕು. ಅದಾಗದಿದ್ದರೆ ಯಾವುದಾದರೂ ಡಿ.ಇಡಿ. ಕಾಲೇಜಲ್ಲಿ ಉಪನ್ಯಾಸಕಿ ಆಗಬೇಕು. ಮೂರನೇ ಸಾಲು ಬರೆದು ಹೊಡೆದುಹಾಕಿದ್ದೆ, ಆದರೂ ಓದೋಕೆ ಬರ್ತಿತ್ತು: ಅಂಗನವಾಡಿ ಬಿಡಬೇಕು.

ಯಾಕೆ ಬಿಡಬೇಕು ಅಂತ ನಿಮಗೆ ವಿವರಿಸಿ ಹೇಳಬೇಕಾ? ತೂಕ ಮಾಡು, ಎತ್ತರ ಅಳಿ, ಚುಚ್ಚುಮದ್ದಿನ ದಿನ ಮನೆಮನೆಗೆ ಹೋಗಿ ಕರ್ಕೊಂಡು ಬಾ, ಮತದಾರರ ಪಟ್ಟಿ ತಿದ್ದು, ಸರ್ವೆ ಮಾಡು, ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಫೋಟೋ ಹಾಕು, ನೆಟ್‌ವರ್ಕ್ ಸಿಗದಿದ್ದರೆ ನೀರಿನ ಟ್ಯಾಂಕ್ ಹತ್ತಿ ನಿಂತ್ಕೋ. ಇದೆಲ್ಲ ಮುಗಿದು ಸಮಯ ಉಳಿದರೆ ಮಕ್ಕಳಿಗೆ ಪಾಠ. ಇಷ್ಟಕ್ಕೆ ಕೊಡೋದು ಸಂಬಳ ಅಲ್ಲ, 'ಗೌರವಧನ'. ಕೇಂದ್ರ ನಿಗದಿ ಮಾಡಿದ ಮೊತ್ತ 2018ರಲ್ಲಿ 3,000ದಿಂದ 4,500ಕ್ಕೆ ಏರಿತು, ರಾಜ್ಯ ತನ್ನದಷ್ಟು ಸೇರಿಸುತ್ತೆ. ಈ ಗೌರವಧನ ಅನ್ನೋ ಪದ ಕಂಡುಹಿಡಿದವರಿಗೆ ಒಂದು ಶಾಲು ಹೊದಿಸಬೇಕು. ಗೌರವ ಕೊಡಬೇಕಾಗುತ್ತೆ ಅಂತ ಧನ ಕಡಿಮೆ ಮಾಡಿದರು, ಧನ ಕೊಟ್ಟಿದ್ದೀವಲ್ಲ ಅಂತ ಗೌರವವನ್ನೂ ಕೊಡಲಿಲ್ಲ.

ಹಾಗಾಗಿ ನನ್ನ ಮೊದಲ ಹಾಳೆ ಸುಳ್ಳಲ್ಲ. ನಮ್ಮಲ್ಲಿ ಬಹಳ ಜನಕ್ಕೆ ಓದು ಅಂದರೆ ಬಿಟ್ಟುಹೋಗೋ ದಾರಿ. ಕೇರಿ ಬಿಡೋಕೆ, ಕೂಲಿ ಬಿಡೋಕೆ, ಅವ್ವ ಮಾಡಿದ ಕೆಲಸ ಬಿಡೋಕೆ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ನನ್ನ ತಲೆ ಕೆಡಿಸಿದ್ದು ಎರಡನೇ ಸೆಮಿಸ್ಟರಿನ ಒಂದು ಸಣ್ಣ ಅಸೈನ್‌ಮೆಂಟು. ಹತ್ತು ದಿನ ನಿಮ್ಮ ತರಗತಿಯಲ್ಲಿ ಯಾವ ಮಗು ಎಲ್ಲಿ ಕೂರುತ್ತೆ, ಯಾರ ಜೊತೆ ಆಡುತ್ತೆ ಅಂತ ನೋಡಿ ನಕ್ಷೆ ಬರೀರಿ. ಅಂಕ ಇದ್ದದ್ದು ಹತ್ತೇ ಹತ್ತು. ಮಾಮೂಲಿನ ಹಾಗೆ ರಾತ್ರಿ ಕೂತು ಏನಾದರೂ ಗೀಚಿ ಕೊಡಬಹುದಿತ್ತು. ಏನೋ, ನಿಜವಾಗಿಯೇ ಮಾಡಿದೆ. ಹತ್ತು ದಿನ ಆದ ಮೇಲೆ ಹತ್ತು ಹಾಳೆ ಒಟ್ಟಿಗೆ ಇಟ್ಟುಕೊಂಡು ನೋಡ್ತೀನಿ, ಊರ ಮಕ್ಕಳು ಗೋಡೆ ಕಡೆ, ಕೇರಿ ಮಕ್ಕಳು ಬಾಗಿಲ ಕಡೆ. ಹತ್ತು ದಿನವೂ ಹಾಗೇ, ಒಂದೇ ಒಂದು ದಿನ ತಪ್ಪಿಲ್ಲ.

ಮೊದಲು ಸಿಟ್ಟು ಬಂತು, ಊರಿನವರ ಮೇಲೆ. ಆಮೇಲೆ ನೆನಪಾಯ್ತು. ಬೆಳಿಗ್ಗೆ ಮಕ್ಕಳು ಬಂದಾಗ "ನೀನಿಲ್ಲಿ ಕೂತ್ಕೋ ಬಂಗಾರ, ನೀನಲ್ಲಿ ಕೂತ್ಕೋ" ಅಂತ ಚಾಪೆ ಹಾಸಿ ಕೂರಿಸ್ತಿದ್ದದ್ದು ಬೇರೆ ಯಾರೂ ಅಲ್ಲ, ನಾನೇ.

ಸೇರಿದ ಮೊದಲನೇ ವರ್ಷ ಒಂದು ಜಗಳ ಆಗಿತ್ತು. ಒಬ್ಬರು ತಾಯಿ ಬಂದು, "ನಮ್ ಹುಡ್ಗನ್ನ ಅವರ ಮಗ್ಗುಲಾಗೆ ಯಾಕ್ ಕೂರ್ಸಿದ್ರಿ" ಅಂತ ಕೂಗಾಡಿ ಹೋಗಿದ್ದರು. ಆವತ್ತಿಂದ ಗಲಾಟೆ ಬೇಡ ಅಂತ ನನ್ನ ಕೈ ತಾನಾಗಿ ಹಾಗೆ ಕೂರಿಸೋದು ಕಲಿತುಬಿಟ್ಟಿತ್ತು. ಏಪ್ರಿಲ್ 14ಕ್ಕೆ ವೇದಿಕೆ ಹತ್ತಿ ಅಸ್ಪೃಶ್ಯತೆ ಬಗ್ಗೆ ಭಾಷಣ ಮಾಡ್ತಿದ್ದವಳು, ಮಾರನೇ ದಿನ ಬೆಳಿಗ್ಗೆ ಒಂಬತ್ತೂವರೆಗೆ ಮೂರು ವರ್ಷದ ಮಕ್ಕಳನ್ನ ಬಾಗಿಲು ಕಡೆ, ಗೋಡೆ ಕಡೆ ಅಂತ ವಿಂಗಡಿಸ್ತಿದ್ದೆ. ಒಂಬತ್ತು ವರ್ಷ. ಎಷ್ಟು ಮಕ್ಕಳು ನನ್ನ ಚಾಪೆ ಮೇಲೆ ಅದನ್ನ ಕಲಿತು ಒಂದನೇ ಕ್ಲಾಸಿಗೆ ಹೋದರು ಅಂತ ಲೆಕ್ಕ ಹಾಕೋಕೆ ಕೂತು ಅರ್ಧಕ್ಕೇ ಬಿಟ್ಟೆ.

ಊಟದ ವಿಷಯವೂ ಹೇಳಬೇಕು. ನಮ್ಮ ಸಹಾಯಕಿ ಊರಿನವರು, ಒಳ್ಳೆಯ ಹೆಂಗಸು. ಅಡಿಗೆ ಅವರ ಕೈಯಿಂದಲೇ ಆಗೋದರಿಂದ ನಮ್ಮ ಕೇಂದ್ರದಲ್ಲಿ ಊಟದ ತಕರಾರು ಅಂತ ಬಂದಿಲ್ಲ, 'ಸೌಹಾರ್ದ' ಇದೆ ಅಂತ ನಾನೇ ಹೇಳ್ಕೊಂಡು ತಿರುಗ್ತಿದ್ದೆ. ಅವರು ರಜೆ ಹಾಕಿದ ದಿನ ನಾನು ಉಪ್ಪಿಟ್ಟು ಕೆದಕಿದರೆ, 24 ಮಕ್ಕಳಲ್ಲಿ ಒಂಬತ್ತು ಮಕ್ಕಳಿಗೆ ಆವತ್ತೇ ಹೊಟ್ಟೆನೋವು. 2017ರಲ್ಲಿ ಮಾತೃಪೂರ್ಣ ಯೋಜನೆ ಬಂದಾಗ ಗರ್ಭಿಣಿಯರು, ಬಾಣಂತಿಯರು ಕೇಂದ್ರಕ್ಕೇ ಬಂದು ಬಿಸಿಯೂಟ ಮಾಡಬೇಕು ಅಂತಾಯ್ತಲ್ಲ, ಆಗ ಊರಿನ ಕೆಲವರು ಬಂದು ಸಹಿ ಹಾಕಿ ಡಬ್ಬಿಗೆ ಹಾಕಿಸ್ಕೊಂಡು ಹೋಗೋರು. ಆ ಊಟ ಎಮ್ಮೆ ಕಲಗಚ್ಚಿಗೆ ಬೀಳ್ತಿತ್ತು ಅನ್ನೋದು ಎಲ್ಲರಿಗೂ ಗೊತ್ತು. ರಿಜಿಸ್ಟರಿನಲ್ಲಿ ಮಾತ್ರ ತಾಯಿಗೆ ಪೌಷ್ಟಿಕ ಆಹಾರ ತಲುಪಿದೆ.

ಒಬ್ಬಳು ಪುಟ್ಟ ಹುಡುಗಿ, ನಾಲ್ಕು ವರ್ಷ ತುಂಬಿರಲಿಲ್ಲ. ಮನೆಯಿಂದ ನೀರಿನ ಬಾಟಲಿ ತರೋಳು. ಒಂದು ದಿನ ಬಾಟಲಿ ಉರುಳಿ ನೀರೆಲ್ಲ ಚೆಲ್ಲಿಹೋಯ್ತು. ಬಾಯಾರಿದೆ, ಅಳ್ತಾಳೆ. ಲೋಟದಲ್ಲಿ ನೀರು ಕೊಟ್ಟೆ. "ಬ್ಯಾಡ ಟೀಚರ್, ಅಮ್ಮ ಬೈತಾಳೆ" ಅಂದಳು. ಅದು ನನಗೆ ಹೊಸದಲ್ಲ. ಹೊಸದು ಪಕ್ಕದಲ್ಲಿ ನಿಂತಿದ್ದ ನಮ್ಮ ಕೇರಿ ಹುಡುಗನ ಮಾತು. ಅವನಿಗೂ ಅದೇ ವಯಸ್ಸು. ನನಗೆ ಬುದ್ಧಿ ಹೇಳೋ ಹಾಗೆ, "ಅವ್ರು ನಮ್ ಲೋಟದಾಗ್ ಕುಡಿಯಲ್ಲ ಟೀಚರ್" ಅಂದ. ದುಃಖ ಇಲ್ಲ, ಸಿಟ್ಟಿಲ್ಲ. ಸೂರ್ಯ ಪೂರ್ವಕ್ಕೆ ಹುಟ್ಟುತ್ತೆ ಅನ್ನೋ ಹಾಗೆ ಹೇಳಿದ. ಮಕ್ಕಳ ಮನೋವಿಜ್ಞಾನದ ಪುಸ್ತಕದಲ್ಲಿ ಪಿಯಾಜೆ ಇದ್ದಾರೆ, ಮಣ್ಣುಂಡೆ ಚಪ್ಪಟೆ ಮಾಡಿದರೆ ಮಣ್ಣು ಜಾಸ್ತಿ ಆಯ್ತು ಅನ್ನುತ್ತೆ ಈ ವಯಸ್ಸಿನ ಮಗು, ಅಷ್ಟು ಚಿಕ್ಕದು ಅಂತ. ಅಷ್ಟು ಚಿಕ್ಕ ಮಗುವಿಗೆ ಲೋಟದ ಜಾತಿ ಗೊತ್ತಿತ್ತು.

ಅದೇ ಸಮಯಕ್ಕೆ ಓದ್ತಿದ್ದ ಇನ್ನೊಂದು ಪೇಪರಿನಲ್ಲಿ ಜಾನ್ ಡ್ಯೂಯಿ ಬಗ್ಗೆ ಇಡೀ ಒಂದು ಅಧ್ಯಾಯ ಇತ್ತು. ಈ ಡ್ಯೂಯಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬಾಬಾಸಾಹೇಬರಿಗೆ ಮೇಷ್ಟ್ರಾಗಿದ್ದರು ಅನ್ನೋ ಒಂದು ಸಾಲು ಅಲ್ಲೆಲ್ಲೂ ಇಲ್ಲ! ಬಾಬಾಸಾಹೇಬರು 1913ರಲ್ಲಿ ನ್ಯೂಯಾರ್ಕಿಗೆ ಹೋದರು, 1915ರಲ್ಲಿ ಎಂ.ಎ. ಮುಗಿಸಿದರು, 1916ರಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಮಂಡಿಸಿದರು. ಡ್ಯೂಯಿಯ 'ಡೆಮಾಕ್ರಸಿ ಅಂಡ್ ಎಜುಕೇಶನ್' ಪುಸ್ತಕ ಬಂದದ್ದೂ ಅದೇ 1916ರಲ್ಲಿ. ಇಪ್ಪತ್ತು ವರ್ಷ ಆದ ಮೇಲೆ 'ಜಾತಿ ವಿನಾಶ' ಬರೆಯುವಾಗಲೂ ಬಾಬಾಸಾಹೇಬರು ಆ ಮೇಷ್ಟ್ರ ಋಣವನ್ನ ಹೆಸರು ಹಿಡಿದು ನೆನೆಯುತ್ತಾರೆ. ಡ್ಯೂಯಿ ಹೇಳೋದು ಇಷ್ಟು: ಪ್ರಜಾಪ್ರಭುತ್ವ ಅಂದರೆ ಬರೀ ಸರ್ಕಾರದ ಒಂದು ಬಗೆ ಅಲ್ಲ, ಅದು ಜನ ಒಬ್ಬರ ಜೊತೆ ಒಬ್ಬರು ಬದುಕೋ ರೀತಿ. ಶಾಲೆ ಅನ್ನೋದು ಅದನ್ನ ಬಾಯಲ್ಲಿ ಕಲಿಸೋ ಜಾಗ ಅಲ್ಲ, ಬದುಕಿ ಕಲಿಯೋ ಜಾಗ. ನನ್ನ ಹತ್ತು ನಕ್ಷೆಗಳನ್ನ ಪಕ್ಕದಲ್ಲಿಟ್ಟುಕೊಂಡು ಇದನ್ನ ಓದಿದೆ. ಮಕ್ಕಳು ನನ್ನ ಹತ್ತಿರ ಬದುಕಿ ಕಲಿತದ್ದು ಏನು ಅಂತ ಅಲ್ಲಿ ಪೆನ್ಸಿಲ್‌ನಲ್ಲಿ ಬರೆದಿತ್ತು.

ಮಾರನೇ ಸೋಮವಾರದಿಂದ ಕೂರಿಸೋ ಕ್ರಮ ಬದಲಾಯಿಸಿದೆ. ಬಾಗಿಲಲ್ಲಿ ಒಂದು ಬುಟ್ಟಿ, ಅದರಲ್ಲಿ ನಾಲ್ಕು ಥರದ ಎಲೆ. ಹೊಂಗೆ, ಬೇವು, ಮಾವು, ಹಲಸು. ಮಗು ಕಣ್ಣು ಮುಚ್ಚಿ ಒಂದು ಎಲೆ ಎತ್ಕೊಳ್ಳುತ್ತೆ, ಅದೇ ಎಲೆಯವರ ಚಾಪೆಗೆ ಹೋಗಿ ಕೂರುತ್ತೆ. ಅಷ್ಟೇ. ಮಕ್ಕಳಿಗಂತೂ ಹಬ್ಬ. ದೊಡ್ಡವರಿಗೆ ವಾರ ಕಳೆಯೋಷ್ಟರಲ್ಲಿ ಗೊತ್ತಾಯ್ತು. ಮೂರು ಮನೆಯವರು ಮಕ್ಕಳನ್ನ ಕಳಿಸೋದು ನಿಲ್ಲಿಸಿದರು. ಹಾಜರಾತಿ ಇಳಿದರೆ ಮೊದಲು ಕೇಳೋದು ನನ್ನನ್ನೇ. "ಯಾಕ್ರಿ ಇಲ್ಲದ ತಲೆನೋವು ತಗೋತೀರಾ, ಮೊದಲಿನ ಹಾಗೆ ಕೂರಿಸಿ" ಅಂತ ಮೇಲಿನಿಂದ ಮಾತು ಬಂತು. ಬರವಣಿಗೆಯಲ್ಲಿ ಕೊಡಿ ಅಂದೆ, ಕೊಡಲಿಲ್ಲ. ಒಂದೂವರೆ ತಿಂಗಳಿಗೆ ಎರಡು ಮಕ್ಕಳು ವಾಪಸ್ ಬಂದವು. ಇನ್ನೊಂದು ಮಗು ಟೌನಿನ ಕಾನ್ವೆಂಟಿಗೆ ಹೋಯ್ತು. ಬಾಟಲಿ ಹುಡುಗಿ ಈಗಲೂ ಬಾಟಲಿ ತರ್ತಾಳೆ, ಆದರೆ ಮೊನ್ನೆ ಅದೇ ಬಾಟಲಿಯಿಂದ ಪಕ್ಕದವನ ಬಾಯಿಗೆ ನೀರು ಹಾಕ್ತಿದ್ದಳು. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಇದನ್ನ ಗೆಲುವು ಅಂತ ಹೇಳ್ತಿಲ್ಲ. ಮನೆಗೆ ಹೋಗಿ ಅವಳು ಅದನ್ನ ಹೇಳಿದರೆ ಏನಾಗುತ್ತೋ ಅಂತ ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಕೊನೆಯ ಸೆಮಿಸ್ಟರಿನ ಕಿರುಪ್ರಬಂಧಕ್ಕೆ ಇದನ್ನೇ ವಿಷಯ ಮಾಡ್ಕೊಂಡೆ. ಮಾರ್ಗದರ್ಶಕರು ಶೀರ್ಷಿಕೆ ನೋಡಿ, "ಜಾತಿ ಅಂತ ಬೇಡಮ್ಮ, ಸಾಮಾಜಿಕ ಹಿನ್ನೆಲೆ ಅಂತ ಹಾಕಿ" ಅಂದರು. ಒಂದು ವಾರ ಜಗಳ ಆಡಿದೆ. ಕೊನೆಗೆ ರಟ್ಟಿನ ಮೇಲೆ 'ಸಾಮಾಜಿಕ ಹಿನ್ನೆಲೆ' ಅಂತಲೇ ಇದೆ, ಒಳಗೆ ಪುಟಪುಟದಲ್ಲೂ ಜಾತಿ ಅಂತಲೇ ಬರೆದಿದ್ದೀನಿ. ರಾಜಿ ಮಾಡ್ಕೊಂಡೆ ಅಂತ ಬೈಯೋರು ಬೈಯಿರಿ. ಪದವಿಯೂ ಬೇಕಿತ್ತು ನನಗೆ.

ಓದ್ತಾ ಹೋದಂತೆ ಇನ್ನೊಂದಷ್ಟು ವಿಷಯ ಗೊತ್ತಾಯ್ತು. ಅಂಗನವಾಡಿ ಅನ್ನೋ ಪದವನ್ನ ನಾವು ದಿನಕ್ಕೆ ನೂರು ಸಲ ಹೇಳ್ತೀವಿ. ಮಹಾರಾಷ್ಟ್ರದಲ್ಲಿ ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಅಂತ ಇಬ್ಬರು ಶಿಕ್ಷಕಿಯರಿದ್ದರು. 1945ರಲ್ಲಿ ಬೋರ್ಡಿ ಅನ್ನೋ ಊರಲ್ಲಿ ಬಾಲವಾಡಿ ಶುರು ಮಾಡಿದರು, ಆಮೇಲೆ ಆದಿವಾಸಿಗಳ ನಡುವೆ ಕೋಸ್‌ಬಾಡ್‌ನಲ್ಲಿ ಕೆಲಸ ಮಾಡಿದರು. ಬಡವರ ಮಕ್ಕಳು ಬಾಲವಾಡಿವರೆಗೂ ಬರದಿದ್ದಾಗ, ಆ ಮಕ್ಕಳ ಮನೆ ಅಂಗಳಕ್ಕೇ ಬಾಲವಾಡಿಯನ್ನ ಹೊತ್ತುಕೊಂಡು ಹೋದರು. ಅಂಗಳದಲ್ಲಿ ನಡೆಯೋ ಬಾಲವಾಡಿ, ಅಂಗನವಾಡಿ. ಈಗ ಹೇಳಿ, ನಿಮ್ಮ ಊರಿನ ಅಂಗನವಾಡಿ ಯಾರ ಅಂಗಳದಲ್ಲಿದೆ? ದೇವಸ್ಥಾನದ ಪಕ್ಕದ ಕಟ್ಟಡದಲ್ಲಿದ್ದರೆ ಕೇರಿ ಮಕ್ಕಳು ಹೆದರಿಕೊಂಡು ಬರ್ತವೆ. ಕಾಲೋನಿಯಲ್ಲಿದ್ದರೆ ಊರ ಮಕ್ಕಳು ಬರೋದೇ ಇಲ್ಲ, ಅದು 'ಅವರ ಅಂಗನವಾಡಿ' ಆಗುತ್ತೆ.

ಮಾಂಟೆಸ್ಸರಿ ಅಂದ ಕೂಡಲೇ ನಮಗೆ ಟೈ ಕಟ್ಟಿಕೊಂಡ ಮಕ್ಕಳು, ಹಳದಿ ವ್ಯಾನು ನೆನಪಾಗುತ್ತೆ. ಮರಿಯಾ ಮಾಂಟೆಸ್ಸರಿ 1907ರಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದದ್ದು ರೋಮ್ ನಗರದ ಸ್ಯಾನ್ ಲೊರೆಂಜೊ ಅನ್ನೋ ಬಡ ಕಾರ್ಮಿಕರ ಬಡಾವಣೆಯಲ್ಲಿ. ಅಪ್ಪ ಅಮ್ಮ ಕೂಲಿಗೆ ಹೋದಾಗ ಬೀದಿಯಲ್ಲಿರ್ತಿದ್ದ ಮಕ್ಕಳಿಗೆ. ನಮ್ಮಂಥವರ ಮಕ್ಕಳಿಗೆ ಹುಟ್ಟಿದ ಶಿಕ್ಷಣಕ್ಕೆ ಇವತ್ತು ಫೀಸು ಕಟ್ಟೋ ಶಕ್ತಿ ನಮಗಿಲ್ಲ. (ತಪ್ಪೊಪ್ಪಿಗೆ: ನನ್ನ ಮಗನ್ನ ಎಲ್‌ಕೆಜಿಗೆ ನಾನು ಕಾನ್ವೆಂಟಿಗೇ ಹಾಕಿದ್ದೆ, ಸಾಲ ಮಾಡಿ. ನನ್ನದೇ ಅಂಗನವಾಡಿ ನೂರು ಹೆಜ್ಜೆ ದೂರದಲ್ಲಿತ್ತು. ಹಾಗಾಗಿ ಕಾನ್ವೆಂಟಿಗೆ ಹಾಕೋ ನಮ್ಮ ಜನರನ್ನ ಆಡಿಕೊಳ್ಳೋ ಯೋಗ್ಯತೆ ನನಗಿಲ್ಲ. ಇಂಗ್ಲಿಷು ಬೇಕು, ಮರ್ಯಾದೆ ಬೇಕು, ಎರಡೂ ಅಲ್ಲಿ ಸಿಗುತ್ತೆ ಅನ್ಕೊಂಡಿರ್ತಾರೆ.)

ಕಾನೂನಿನ ಕಡೆಯೂ ಸ್ವಲ್ಪ ನೋಡಿ. ಸಂವಿಧಾನದ ಮೊದಲಿನ 45ನೇ ವಿಧಿ ಹೇಳ್ತಿದ್ದದ್ದು ಹದಿನಾಲ್ಕು ವರ್ಷ ತುಂಬೋವರೆಗೆ ಎಲ್ಲಾ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಅಂತ. ಎಷ್ಟನೇ ವರ್ಷದಿಂದ ಅಂತ ಕೆಳಗಡೆ ಗೆರೆ ಎಳೆದಿರಲಿಲ್ಲ. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಇದನ್ನ ಬರೀ ಪ್ರಾಥಮಿಕ ಶಿಕ್ಷಣಕ್ಕೆ ಇಳಿಸೋ ತಿದ್ದುಪಡಿ ಬಂದಾಗ ಒಪ್ಪದೆ ಎದ್ದು ನಿಂತವರು ಬಾಬಾಸಾಹೇಬರೇ. ಹದಿನಾಲ್ಕರೊಳಗಿನ ಮಗುವನ್ನ ಕೆಲಸಕ್ಕೆ ಹಚ್ಚಬಾರದು ಅಂದ ಮೇಲೆ ಅದು ಶಿಕ್ಷಣ ಸಂಸ್ಥೆಯಲ್ಲೇ ಇರಬೇಕು ಅನ್ನೋದು ಅವರ ವಾದ. 2002ರಲ್ಲಿ 86ನೇ ತಿದ್ದುಪಡಿ ಬಂತು. ನಾವೆಲ್ಲ ಶಿಕ್ಷಣ ಮೂಲಭೂತ ಹಕ್ಕಾಯ್ತು ಅಂತ ಸಿಹಿ ಹಂಚಿದ್ದೇ ಹಂಚಿದ್ದು. ಹಕ್ಕು ಆದದ್ದು 6ರಿಂದ 14ರವರಿಗೆ. ಆರು ವರ್ಷದ ಕೆಳಗಿನವರಿಗೆ ಸರ್ಕಾರ 'ಪ್ರಯತ್ನಿಸತಕ್ಕದ್ದು' ಅಂತ 45ನೇ ವಿಧಿಯನ್ನ ಬದಲಾಯಿಸಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ನೂ ಹಾಗೇ. ಮೂರರಿಂದ ಆರು ವರ್ಷದ ಮಕ್ಕಳಿಗೆ ಸರ್ಕಾರ ವ್ಯವಸ್ಥೆ 'ಮಾಡಬಹುದು'. ಮಾಡದಿದ್ದರೆ ಕೇಳೋ ಹಾಗಿಲ್ಲ.

ಮಕ್ಕಳಿಗೆ ಹಕ್ಕಿಲ್ಲ ಅಂದಮೇಲೆ ಅವರಿಗೆ ಕಲಿಸೋಳು ಟೀಚರ್ ಹೇಗಾಗ್ತಾಳೆ? 1975ರ ಅಕ್ಟೋಬರ್ 2ರಂದು ಐಸಿಡಿಎಸ್ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರದಲ್ಲಿ. ಐವತ್ತು ವರ್ಷ ಆಯ್ತು. ಆ ಆರು ಸೇವೆಗಳ ಪಟ್ಟಿಯಲ್ಲಿ ನಮ್ಮ ಪಾಠದ ಹೆಸರು 'ಅನೌಪಚಾರಿಕ ಶಾಲಾಪೂರ್ವ ಶಿಕ್ಷಣ'. 2006ರಲ್ಲಿ ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆ ಅಲ್ಲ ಅಂತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಮಣಿಬೆನ್ ಪ್ರಕರಣದಲ್ಲಿ ಅದೇ ಕೋರ್ಟು, ಇವರಿಗೆ 1972ರ ಗ್ರಾಚ್ಯುಟಿ ಕಾಯ್ದೆ ಅನ್ವಯ ಆಗುತ್ತೆ, ಗೌರವಧನ ಅಂತ ಹೆಸರಿಟ್ಟರೂ ಅದು ಕೂಲಿಯೇ, ಇಲ್ಲಿ ಶಾಲಾಪೂರ್ವ ಶಿಕ್ಷಣ ನಡೀತಿದೆ ಅಂತ ಒಪ್ಪಿಕೊಂಡಿತು. ಈ ತೀರ್ಪು ಓದಿದ ದಿನ ನಾನು ಅದರ ಒಂದು ಪ್ಯಾರಾ ಕನ್ನಡಕ್ಕೆ ಮಾಡಿ ನಮ್ಮ ಸಹಾಯಕಿಗೆ ಓದಿ ಹೇಳಿದೆ. "ಅಂಗಾರೆ ನಾವೂ ನೌಕ್ರಿದಾರ್ರೇ ಅಂತಾಯ್ತು" ಅಂದರು. ಊರು, ಕೇರಿ ಅಂತಿಲ್ಲದೆ ನಾವಿಬ್ಬರೂ ಒಂದೇ ಲೋಟದಲ್ಲಿ ಕಾಫಿ ಹಂಚಿಕೊಂಡ ದಿನ ಅದು.

ಈಗ ನಮ್ಮ ಚಳವಳಿಗೆ ಬರ್ತೀನಿ. ನಾನು ಈ ಚಳವಳಿಯ ಮಗಳು. ಹಾಸ್ಟೆಲ್ ಇಲ್ಲದಿದ್ದರೆ ಎಸ್ಸೆಸ್ಸೆಲ್ಸಿ ದಾಟ್ತಿರಲಿಲ್ಲ, ಆ ಹಾಸ್ಟೆಲಿಗೋಸ್ಕರ ಲಾಠಿ ತಿಂದವರು ನೀವು. ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು, ಬ್ಯಾಕ್‌ಲಾಗ್ ಹುದ್ದೆ, ಪಿಎಚ್‌ಡಿ ಫೆಲೋಶಿಪ್ಪು. ಎಲ್ಲಕ್ಕೂ ಧರಣಿ ಕೂತಿದ್ದೀವಿ. ಅಂಗನವಾಡಿಗೆ? ಕಾರ್ಯಕರ್ತೆಯರ ಯೂನಿಯನ್ನುಗಳು ಬೀದಿಗಿಳಿದಾಗ ಬೆಂಬಲ ಅಂತ ಒಂದು ಹೇಳಿಕೆ ಕೊಟ್ಟಿದ್ದೀವಿ, ಅಷ್ಟೇ. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೀತೀವಿ ಅಂತ ಹೊರಟಾಗ 2024ರಲ್ಲಿ ಕಾರ್ಯಕರ್ತೆಯರು ರಾಜ್ಯದ ತುಂಬ ಪ್ರತಿಭಟನೆ ಮಾಡಿದರಲ್ಲ, ಆಗ ನಮ್ಮ ಗ್ರೂಪುಗಳಲ್ಲೇ "ಇಂಗ್ಲಿಷ್ ಬಂದರೆ ಒಳ್ಳೇದಲ್ವಾ, ಇವರದ್ದೇನು" ಅಂತ ಬರೆದವರಿದ್ದಾರೆ. ಇಂಗ್ಲಿಷ್ ಬರಲಿ. ನಮಗೆ ತರಬೇತಿ ಕೊಟ್ಟು, ನಮ್ಮನ್ನ ಟೀಚರ್ ಅಂತ ಕರೆದು, ಟೀಚರಿನ ಸಂಬಳ ಕೊಟ್ಟು ಅಂಗನವಾಡಿಗೇ ಬರಲಿ. ಅದಿಲ್ಲದಿದ್ದರೆ ಏನಾಗುತ್ತೆ? ಒಂದು ಕಡೆ ಎಲ್‌ಕೆಜಿ ಮಕ್ಕಳು, ಇನ್ನೊಂದು ಕಡೆ ಮೊಟ್ಟೆಗೆ ಬರೋ ಮಕ್ಕಳು. ಈ ಎರಡನೇ ಸಾಲಿನಲ್ಲಿ ಯಾರಿರ್ತಾರೆ ಅಂತ ನಕ್ಷೆ ಬರೆದು ನೋಡೋದೇ ಬೇಕಿಲ್ಲ.

"ಅಂಗನವಾಡಿ ಕೆಲಸ ಅಂದರೆ ನಮ್ಮ ಹೆಣ್ಣುಮಕ್ಕಳನ್ನ ಒಲೆ ಮುಂದೆ, ಇನ್ನೊಬ್ಬರ ಮಕ್ಕಳ ಕುಂಡಿ ತೊಳೆಯೋಕೆ ಕಟ್ಟಿಹಾಕೋದು" ಅಂತ ಒಬ್ಬ ತಂಗಿ ವಾದ ಮಾಡಿದಳು. ಅವಳ ಮಾತಲ್ಲಿ ಅರ್ಧ ನಿಜ ಇದೆ. ಕಡಿಮೆ ದುಡ್ಡು, ಜಾಸ್ತಿ ಸೇವೆ ಅನ್ನೋ ಕೆಲಸಕ್ಕೆ ಯಾವಾಗಲೂ ಹೆಂಗಸರೇ ಬೇಕು. ಆದರೆ ಇದಕ್ಕೆ ಉತ್ತರ ನಾವೆಲ್ಲ ಆ ಕೆಲಸ ಬಿಟ್ಟು ಓಡೋದಾ, ಅದನ್ನ ಟೀಚರ್ ಕೆಲಸ ಅಂತ ಬರೆಸ್ಕೊಳ್ಳೋದಾ? ಯೂನಿವರ್ಸಿಟಿಯಲ್ಲಿ ನಮ್ಮ ಹುಡುಗ ಅನುಭವಿಸೋ ಅವಮಾನಕ್ಕೆ ನಾವು ಹೋರಾಡ್ತೀವಿ, ಹೋರಾಡಲೇಬೇಕು. ಅವನ ಜೊತೆ ಕೂರಲ್ಲ ಅನ್ನೋ ಹುಡುಗನೂ ಮೂರು ವರ್ಷದವನಿದ್ದಾಗ ಯಾವುದೋ ಒಂದು ಚಾಪೆ ಮೇಲೆ ಅದನ್ನ ಕಲಿತಿದ್ದಾನೆ. ಅವನ ಟೀಚರ್ ನನ್ನ ಹಾಗೇ ಗಲಾಟೆ ಬೇಡ ಅಂತ ಸುಮ್ಮನಿದ್ದಿರಬಹುದು.

ಕೊನೆಯ ಸಂಪರ್ಕ ತರಗತಿಯಲ್ಲಿ ಅದೇ ಮೇಷ್ಟ್ರು ನಮ್ಮ ನಮ್ಮ ಮೊದಲ ಹಾಳೆಗಳನ್ನ ಜೋಪಾನವಾಗಿ ಇಟ್ಕೊಂಡಿದ್ದವರು ವಾಪಸ್ ಕೊಟ್ಟು, ಹಿಂದುಗಡೆ ಬರೀರಿ ಅಂದರು. ಮೇಲ್ವಿಚಾರಕಿ ಪರೀಕ್ಷೆ ಬರೀತೀನಿ ಅಂತ ಮತ್ತೆ ಬರೆದೆ. ಸುಳ್ಳು ಹೇಳಲ್ಲ, ಸಂಬಳ ಬೇಕು, ಮಗನ ಫೀಸಿನ ಸಾಲ ಇನ್ನೂ ಇದೆ. ಪಾಸಾದರೆ ನನ್ನ ವೃತ್ತದ ಪ್ರತಿ ಕೇಂದ್ರಕ್ಕೂ ಹೋದಾಗ ತೂಕದ ರಿಜಿಸ್ಟರಿಗಿಂತ ಮುಂಚೆ ಮಕ್ಕಳು ಎಲ್ಲಿ ಕೂತಿದ್ದಾರೆ ನೋಡ್ತೀನಿ. ಪಾಸಾಗದಿದ್ದರೆ ಇಲ್ಲೇ ಎಲೆ ಬುಟ್ಟಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತೀನಿ. ಎರಡರಲ್ಲಿ ಯಾವುದಾದರೂ ಸರಿ, ಮೂರರಿಂದ ಆರು ವರ್ಷದ ಮಕ್ಕಳನ್ನ ಬಿಟ್ಟು ಹೋಗಲ್ಲ. ಡಿ.ಇಡಿ. ಕಾಲೇಜಿನ ಸಾಲಿನ ಮೇಲೆ ಗೆರೆ ಎಳೆದೆ. ಮೊದಲೇ ಹೊಡೆದಿದ್ದ ಮೂರನೇ ಸಾಲನ್ನ ಈ ಸಲ ಓದೋಕೆ ಬರದ ಹಾಗೆ ಹೊಡೆದೆ.

ಅಣ್ಣಾ, ನೀವು ಕೇಳಿದ್ದಕ್ಕೆ ಇದು ಉತ್ತರ.

ಈ ತಿಂಗಳ ಕೊನೇ ಭಾನುವಾರ ನಮ್ಮ ತಾಲ್ಲೂಕು ಸಭೆ ಇದೆ. ಹಾಸ್ಟೆಲ್ ವಿಷಯ ಮೊದಲು, ಆಮೇಲೆ ಅಂಗನವಾಡಿ ಅಂತ ಅಜೆಂಡಾದಲ್ಲಿ ಸೇರಿಸಿದ್ದೀನಿ. ಬರೋರು ಒಂದು ದಿನ ಮುಂಚೆ ನಿಮ್ಮೂರ ಅಂಗನವಾಡಿಗೆ ಹೋಗಿ ಬನ್ನಿ. ಅದು ಯಾರ ಬೀದಿಯಲ್ಲಿದೆ, ಯಾರು ಅಡಿಗೆ ಮಾಡ್ತಾರೆ, ಯಾರ ಮಕ್ಕಳು ಊಟಕ್ಕೆ ಮುಂಚೆ ಎದ್ದು ಮನೆಗೆ ಹೋಗ್ತವೆ, ಬರ್ಕೊಂಡು ಬನ್ನಿ. ಹೋದಾಗ ಅಲ್ಲಿರೋ ಕಾರ್ಯಕರ್ತೆ ಮೇಲೆ ರೇಗಬೇಡಿ. ಒಂದು ಲೋಟ ನೀರು ಕೇಳಿ ಕುಡೀರಿ, ಮಕ್ಕಳ ಮುಂದೆಯೇ.

ಜೈ ಭೀಮ್.